ನಾವು ಬಿಪಿ ಎಂದು ಹೇಳಿದ ಕಾಯಿಲೆ

ಆಯಿ ತುತ್ತು ನುಂಗಿರಲಿಲ್ಲ.

ಬೆಳಿಗ್ಗೆ ಬಾಯಿ ಮುಕ್ಕಳಿಸಲು ನೀರು ತೆಗೆದುಕೊಂಡು ಹೋದಾಗ ಆಕೆಯ ಎಡಗೆನ್ನೆ ಉಬ್ಬಿತ್ತು. ಹಲ್ಲುನೋವಿರಬೇಕು ಅಂದುಕೊಂಡೆ. ಬಾಯಿ ತೆಗೆ ಅಂದೆ. ತೆಗೆಯಲಿಲ್ಲ. ಗದ್ದ ಹಿಡಿದು ಬೆರಳು ಹಾಕಿದೆ. ಹಿಂದಿನ ರಾತ್ರಿ ನಾನೇ ಹಾಲಿನಲ್ಲಿ ನೆನೆಸಿ ತಿನ್ನಿಸಿದ್ದ ರೊಟ್ಟಿ ಅಲ್ಲಿತ್ತು, ಹುಳಿ ನಾರುವ ಮುದ್ದೆಯಾಗಿ. ಬೆರಳಿನಿಂದಲೇ ಬಗೆದು ತೆಗೆದೆ. ಆಕೆ ತಡೆಯಲಿಲ್ಲ, ಕಣ್ಣು ಕೂಡ ಹೊರಳಿಸಲಿಲ್ಲ. ನಾನು ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ.

ಇದನ್ನು ಬರೆಯಲು ಸಂಕೋಚವಿದೆ. ಕಾಯಿಲೆಯವರನ್ನು ನೋಡಿಕೊಂಡವರು ಬರೆಯುವಾಗ ಕರುಣೆಯಿಂದ ಶುರು ಮಾಡುತ್ತಾರೆ. ನನಗೆ ಮೊದಲು ಬಂದದ್ದು ಹೇಸಿಗೆ. ಅದು ಬಹಳ ದಿನ ನನ್ನನ್ನು ಬಿಡಲಿಲ್ಲ. ಯಾವುದರ ಮೇಲಿನ ಹೇಸಿಗೆ ಎಂಬುದು ಮಾತ್ರ ಬದಲಾಗುತ್ತ ಹೋಯಿತು.

ಆಯಿ ಅಂದರೆ ಅಪ್ಪನ ತಾಯಿ. ವಯಸ್ಸು ಎಪ್ಪತ್ತು ದಾಟಿದೆ. ಎಷ್ಟು ದಾಟಿದೆ ಎಂದು ಆಕೆಗೂ ಗೊತ್ತಿಲ್ಲ. ಕೊಣ್ಣೂರಿನಲ್ಲಿ ಹೊಳೆಯ ಕಡೆಗಿನ ಓಣಿಯಲ್ಲಿ ಆಕೆಯ ಮನೆ. ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಆಯಿ ಅಳುವಷ್ಟು ಅತ್ತಳು, ಕಾರ್ಯ ಮುಗಿದ ಮರುದಿನವೇ ಎಮ್ಮೆಗಳಿಗೆ ಮೇವು ಹಾಕಲು ಎದ್ದಳು. ಗಟ್ಟಿ ಹೆಣ್ಣುಮಗಳು ಅಂದರು ಎಲ್ಲರೂ. ಮುಂದಿನ ಮಳೆಗಾಲದಲ್ಲಿ ಹೊಳೆ ಊರೊಳಗೆ ಬಂತು. ನೀರು ಇಳಿದಾಗ ಮನೆಯ ಹಿಂದಿನ ಗೋಡೆ ಇರಲಿಲ್ಲ. ಓಣಿಯವರೆಲ್ಲ ಶಾಲೆಯಲ್ಲಿ ಉಳಿದುಕೊಂಡಿದ್ದರು. ಆಯಿ ಅಲ್ಲಿ ಜ್ವರದಿಂದ ಮಲಗಿದ್ದಾಗ ಅಪ್ಪ ಎಮ್ಮೆಗಳನ್ನು ಕಲ್ಲೋಳಿಯ ವ್ಯಾಪಾರಿಯೊಬ್ಬನಿಗೆ ಮಾರಿ, ಆಕೆಯನ್ನು ಗೋಕಾಕಿನ ನಮ್ಮ ಮನೆಗೆ ಕರೆತಂದರು. ನಮ್ಮದು ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಅಂಗಳವಿಲ್ಲ.

ಗಂಡ, ಮನೆ, ದನ. ಒಂದೇ ವರ್ಷದಲ್ಲಿ.

ಆಕೆ ಅಳಲಿಲ್ಲ. ಅತ್ತಿದ್ದರೆ ನಮಗೆ ತಿಳಿಯುತ್ತಿತ್ತೇನೋ. ಮೊದಲು ಇಷ್ಟಲಿಂಗದ ಪೂಜೆ ನಿಂತಿತು. ಊಟ ಕಡಿಮೆಯಾದಾಗ ಹೆದರದ ಅಪ್ಪ ಪೂಜೆ ನಿಂತಾಗ ಹೆದರಿದರು. ಆಮೇಲೆ ಸ್ನಾನ ನಿಂತಿತು. ತಲೆಗೂದಲು ಜಿಡ್ಡುಗಟ್ಟಿ, ಕೌದಿಗೆ ಅದರ ವಾಸನೆ ಹತ್ತಿ, ಆ ಕೋಣೆಯ ಬಾಗಿಲು ತೆಗೆಯುವ ಮೊದಲು ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. “ವಯಸ್ಸಾತು, ಹಂಗ ಆಗತೈತಿ,” ಅಂದರು ಅಪ್ಪ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಾನೂ ಕೆಲವು ವಾರ ಅದನ್ನೇ ನಂಬಿದೆ. ನಂಬುವುದು ಸುಲಭವಾಗಿತ್ತು.

ಇನ್ನೊಂದು ಕಡೆ, ಮಾತಾಡಿಸುವವರು ಬರತೊಡಗಿದರು.

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಬಳಗದವರು ಬಂದು ಮಾತಾಡಿಸಿ ಹೋಗಬೇಕು. ಬರದಿದ್ದರೆ ತಪ್ಪಾಗುತ್ತದೆ, ಬಂದವರಿಗೆ ಚಹಾ ಮಾಡದಿದ್ದರೆ ಇನ್ನೂ ದೊಡ್ಡ ತಪ್ಪು. ಕೊಣ್ಣೂರಿನಿಂದ, ಕಲ್ಲೋಳಿಯಿಂದ, ಬಸ್ಸಿನಲ್ಲಿ, ಬೈಕಿನಲ್ಲಿ ಬಂದರು. ಬಾಳೆಹಣ್ಣು, ಬಿಸ್ಕೀಟು ತಂದರು. ಆಯಿಯ ಮಂಚದ ಮೇಲೆಯೇ ಕೂತು, ಬಸಿಯಲ್ಲಿ ಚಹಾ ಸುರಿದುಕೊಂಡು ಸೊರ್ ಎಂದು ಹೀರುತ್ತ, ಆಕೆಯ ಮುಖವನ್ನು ಹೊಲದಲ್ಲಿ ಪೈರು ನೋಡುವ ಹಾಗೆ ನೋಡಿದರು.

“ಏನ್ ಯಕ್ಕಾ, ಮಗನ ಮನ್ಯಾಗ ಮಹಾರಾಣಿ ಆಗಿ ನೋಡ. ಹಾಸಿಗಿಗೇ ಚಾ ಬರತೈತಿ.”

“ಸೆಗಣಿ ಬಳಿಯೂದು ತಪ್ತಲ್ಲ, ಪುಣ್ಯಾ ಮಾಡೀದಿ.”

“ಏಳ ಯವ್ವಾ, ಏಳ. ಎದ್ದು ನಾಕ್ ಹೆಜ್ಜಿ ಅಡ್ಡಾಡಿದ್ರ ಎಲ್ಲಾ ಸುದ್ದ ಆಗತೈತಿ. ಮಲಗಿದಷ್ಟೂ ಮೈ ಕೇಳತೈತಿ.”

ಎಲ್ಲರೂ ನಕ್ಕರು. ನನ್ನ ಅವ್ವ ಒಳಗೆ ಮತ್ತೆ ಹಾಲು ಕಾಯಿಸಿದಳು. ಅವರು ಎದ್ದು ಹೋದ ಮೇಲೆ ಮಂಚದ ಮೇಲೆ ಬಿಸ್ಕೀಟಿನ ಪುಡಿ, ಅದಕ್ಕೆ ಇರುವೆ. ಆ ಪುಡಿಯನ್ನು ಆಯಿಯ ಕಾಲ ಮೇಲಿಂದ ಕೊಡವುತ್ತ ನಾನು ಅವರೆಲ್ಲರನ್ನೂ ಮನಸ್ಸಿನಲ್ಲಿ ಬೈಯುತ್ತಿದ್ದೆ. ಬಾಯಿ ಬಿಟ್ಟು ಬೈಯುವುದು ನನ್ನ ಸ್ವಭಾವವಲ್ಲ.

ಕೆನ್ನೆಯಲ್ಲಿ ರೊಟ್ಟಿ ಸಿಕ್ಕ ದಿನ ನಾನು ಹಟ ಹಿಡಿದೆ. ಗೋಕಾಕಿಗೆ ವಾರಕ್ಕೊಮ್ಮೆ ಬರುವ ಮನೋವೈದ್ಯೆಯೊಬ್ಬರಿದ್ದರು. ಅಪ್ಪ ಒಪ್ಪಿದರು, ಆದರೆ ಕಾರು ಪಕ್ಕದ ಸಂದಿಯಲ್ಲಿ ನಿಲ್ಲಿಸಿ, ನಮ್ಮ ಸರದಿ ಬರುವವರೆಗೆ ಗಾಜು ಏರಿಸಿಕೊಂಡು ಕೂರಿಸಿದರು.

ಡಾಕ್ಟರ್ ಆಯಿಯನ್ನೇ ಕೇಳಿದರು. ಅದೇ ನನಗೆ ಹೊಸದೆನಿಸಿತು. ಅಷ್ಟು ದಿನ ಎಲ್ಲರೂ ಆಯಿಯ ಬಗ್ಗೆ ನಮ್ಮನ್ನು ಕೇಳುತ್ತಿದ್ದರು.

“ಊಟ ಯಾಕ ಹೋಗವಲ್ದು ಅಜ್ಜಿ?”

“ರುಚಿ ಇಲ್ರಿ.”

“ನಿದ್ದಿ?”

“ನಸಕಿಗೇ ಎಚ್ಚರ ಆಗತೈತ್ರಿ.”

“ಬದುಕೂದು ಸಾಕು ಅನಸತೈತೇನು?”

ಅಪ್ಪ ಕುರ್ಚಿಯಲ್ಲಿ ಮುಂದೆ ಬಾಗಿದರು. “ಮೇಡಂ, ಅಂಥಾದ್ದೆಲ್ಲ ನಮ್ಮ ಮನ್ಯಾಗ ಇಲ್ರಿ.”

“ಹೂಂ,” ಅಂದಳು ಆಯಿ.

ಡಾಕ್ಟರಿಗೆ ಅಂದದ್ದು ಅದು. ಅಪ್ಪನಿಗಲ್ಲ.

ಆಯಿಯನ್ನು ಅವ್ವನ ಜೊತೆ ಹೊರಗೆ ಕಳಿಸಿ ಡಾಕ್ಟರ್ ನಮಗೆ ಹೇಳಿದರು: ಇದು ಡಿಪ್ರೆಶನ್. ವಯಸ್ಸಾದವರಲ್ಲಿ ಅಳು ಕಾಣದೆ ಹೀಗೆ ಊಟ, ನಿದ್ದೆ, ಸ್ನಾನ ಬಿಟ್ಟು ಕಾಣಿಸಬಹುದು. ಒಂದರ ಮೇಲೊಂದು ಪೆಟ್ಟು ಬಿದ್ದಿವೆ. ಬೇರೆ ಕಾರಣವೂ ಇರಬಹುದೆಂದು ಥೈರಾಯ್ಡ್, ಬಿ ಟ್ವೆಲ್ವ್ ನೋಡಬೇಕು. ಗುಳಿಗೆ ಸಣ್ಣ ಡೋಸಿನಿಂದ ಶುರು, ಗುಣ ಕಾಣಲು ಕೆಲವು ವಾರ ಬೇಕು. ವಯಸ್ಸಾದವರಿಗೆ ಈ ಗುಳಿಗೆಯಿಂದ ಸೋಡಿಯಂ ಇಳಿಯುವ ಸಾಧ್ಯತೆಯಿದೆ, ಅದಕ್ಕೆ ನಡುನಡುವೆ ರಕ್ತ ಪರೀಕ್ಷೆ. ಆಕೆಯೊಬ್ಬಳನ್ನೇ ಬಿಡಬೇಡಿ. ತಾವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಕೊನೆಯದನ್ನು ಎರಡು ಸಲ ಹೇಳಿದರು.

ಮನೆಗೆ ಬಂದು, ಆಯಿ ಮಲಗಿದ ಮೇಲೆ, ಅಪ್ಪ ಅಡುಗೆಮನೆಯಲ್ಲಿ ನಿಂತು ತಮ್ಮ ನಿರ್ಧಾರ ಹೇಳಿದರು.

“ಯಾರರೆ ಕೇಳಿದ್ರ ಬಿಪಿ ಗುಳಿಗಿ ಅನ್ರಿ.”

ಕಾರಣ ನಾನು. ಮೂಡಲಗಿಯಲ್ಲಿರುವ ಅತ್ತಿ, ಅಂದರೆ ಅಪ್ಪನ ತಂಗಿ, ನನಗೊಂದು ಸಂಬಂಧ ತಂದಿದ್ದಳು. ಹುಕ್ಕೇರಿ ಕಡೆಯ ಹತ್ತರಗಿಯವರು, ಹೈವೇ ಬಾಜೂ ಹೊಲ, ಹುಡುಗ ಇಂಜಿನಿಯರ್. ಅಜ್ಜಿಗೆ ತಲೆ ಕೆಟ್ಟಿದೆ ಎಂದು ಅವರ ಕಿವಿಗೆ ಬಿದ್ದರೆ ಮನೆತನಕ್ಕೇ ಹುಚ್ಚು ಅನ್ನುತ್ತಾರೆ ಎಂಬುದು ಅಪ್ಪನ ಲೆಕ್ಕ.

“ಅತ್ತಿಗೆ?” ಅಂದೆ.

“ಆಕಿಗೂ ಬಿಪಿನ. ಆಕಿ ಬಾಯಾಗ ಬಿದ್ರ ಮೂಡಲಗಿ ಸಂತಿಗೆ ಬಿದ್ದಂಗ.”

“ಆಯಿಗರೆ ಖರೆ ಹೇಳೂಣಲ್ರಿ?” ಎಂದು ಕೇಳಿದಳು ಅವ್ವ.

“ಬ್ಯಾಡ. ಹುಚ್ಚರ ಗುಳಿಗಿ ಅಂದ್ರ ನುಂಗತಾಳೇನು?”

ನನ್ನ ಮದುವೆಗಾಗಿ ಆಯಿಯ ಕಾಯಿಲೆಗೆ ಬೇರೆ ಹೆಸರಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ಆಯಿಯನ್ನೂ ಕೇಳಲಿಲ್ಲ. ಅಪ್ಪ ಗುಳಿಗೆಗಳನ್ನು ಹೆಸರಿದ್ದ ಪಟ್ಟಿಯಿಂದ ಬಿಡಿಸಿ ಒಂದು ಸ್ಟೀಲಿನ ಡಬ್ಬಿಗೆ ಸುರಿದು, ಡಾಕ್ಟರ್ ಬರೆದ ಚೀಟಿಯನ್ನು ಹರಿದು ಒಲೆಯ ಮೇಲೆ ಹಿಡಿದರು. ಒಳ್ಳೆಯ ಮನುಷ್ಯ ನನ್ನ ಅಪ್ಪ. ಅಂಗಡಿಗೆ ಬರುವ ರೈತನಿಗೆ ಯಾವ ಬೆಳೆಗೆ ಯಾವ ಔಷಧ ಎಂದು ತಾಳ್ಮೆಯಿಂದ ಹೇಳುವವರು, ಬಾಟಲಿಯ ಮೇಲಿನ ಹೆಸರು ಓದದೆ ಸಿಂಪಡಿಸಬೇಡ ಎಂದು ಗದರುವವರು. ಆ ದಿನ ಅವರ ಕೈಯ ಹತ್ತಿರ ನಿಲ್ಲಲು ನನಗೆ ಆಗಲಿಲ್ಲ.

ಗುಳಿಗೆ ಕೆಲಸ ಮಾಡಿತು. ನಿಧಾನವಾಗಿ. ಮೊದಲು ನಿದ್ದೆ ಬಂತು, ಆಮೇಲೆ ಹಸಿವು. ಒಂದು ಮಧ್ಯಾಹ್ನ ನಾನು ಬಡಿದ ರೊಟ್ಟಿಯನ್ನು ಆಯಿ ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದಳು.

“ಇದನ್ನ ಎಮ್ಮಿ ಮುಂದ ಇಟ್ರೂ ಮೂಸೂದಿಲ್ಲ.”

ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಮರುವಾರ ಆಕೆ ತಾನಾಗಿಯೇ ನೀರು ಕಾಯಿಸು ಅಂದಳು. ತಲೆ ತೊಳೆದಾಗ ನೀರು ಕಪ್ಪಗೆ ಹರಿಯಿತು. ವಿಭೂತಿ ಹಚ್ಚಿಕೊಂಡು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಬಾಗಿಲಲ್ಲಿ ನಿಂತ ಅಪ್ಪನ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಅತ್ತಿ ಬಂದಳು. ಜಾಗ ಬದಲಾದರೆ ಮನಸ್ಸು ಹಗುರಾಗುತ್ತದೆ, ಮೂಡಲಗಿಗೆ ಕರೆದುಕೊಂಡು ಹೋಗುತ್ತೇನೆ ಅಂದಳು. ನನಗೆ ಪರೀಕ್ಷೆಯ ಕೆಲಸವಿತ್ತು. ಅಪ್ಪ ಡಬ್ಬಿ ಕೊಟ್ಟು, “ಬಿಪಿ ಗುಳಿಗಿ, ದಿನಾ ಮುಂಜಾನಿ ಒಂದು, ತಪ್ಪಸಬ್ಯಾಡ,” ಅಂದರು. ಅತ್ತಿ ತಲೆಯಾಡಿಸಿದಳು.

ದಿನವೂ ಫೋನ್ ಮಾಡಿದೆ. ಮೊದಲು ಆಯಿಯೇ ಮಾತಾಡುತ್ತಿದ್ದಳು. ಆಮೇಲೆ ಅತ್ತಿ, “ಮಲಗ್ಯಾಳ,” ಅನ್ನತೊಡಗಿದಳು. ಮಲಗ್ಯಾಳ, ಮಲಗ್ಯಾಳ, ಮಲಗ್ಯಾಳ. ನಾನು ರಜೆ ಹಾಕಿ ಬಸ್ಸು ಹತ್ತಿದೆ.

ಅತ್ತಿ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡಳು. ಸಿಟ್ಟಿಗಿಂತ ಆಕೆಯ ಮುಖದಲ್ಲಿ ಹೆಮ್ಮೆಯೇ ಹೆಚ್ಚಿತ್ತು.

“ಅಲ್ಲವಾ, ಇಲ್ಲದ ಬಿಪಿಗೆ ಗುಳಿಗಿ ನುಂಗಸಾಕತ್ತಿದ್ರೆಲ್ಲ! ಇಲ್ಲಿ ಫ್ರೀ ಕ್ಯಾಂಪ್ ಇತ್ತು, ಕರಕೊಂಡ ಹೋಗಿದ್ದೆ. ಡಾಕ್ಟರ್ ಪಟ್ಟಿ ಕಟ್ಟಿ ನೋಡಿ ಬಿಪಿ ಎಳ್ಳಷ್ಟೂ ಇಲ್ಲ, ಕಡಿಮಿನ ಐತಿ ಅಂದ್ರು. ಬಿಪಿ ಗುಳಿಗಿ ತಗೋತಾಳ್ರಿ ಅಂದೆ. ಇಷ್ಟ ಇದ್ರ ಯಾಕ ಬೇಕು, ನಿಮ್ಮ ಡಾಕ್ಟರಿಗೆ ಕೇಳ್ರಿ ಅಂದ್ರು. ಕೇಳೂದೇನೈತಿ, ಅವತ್ತ ಬಂದ್ ಮಾಡೀನಿ. ನೀ ಅಷ್ಟ ಓದಿದಾಕಿ, ಒಮ್ಮಿ ಬಿಪಿ ತೋರಸಬಾರದ?”

ಆ ಡಾಕ್ಟರ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅತ್ತಿ ಮಾಡಿದ್ದು ತಾಯಿಯ ಮೇಲಿನ ಕಾಳಜಿಯಿಂದಲೇ. ನಾವು ಹೇಳಿಕೊಟ್ಟ ಸುಳ್ಳನ್ನು ಆಕೆ ಪ್ರಾಮಾಣಿಕವಾಗಿ ನಂಬಿದ್ದಳು, ಅಷ್ಟೇ.

“ಉಳದ ಗುಳಿಗಿ ಎಲ್ಲಿ?” ಅಂದೆ ಕೊನೆಗೆ.

“ಚೆಲ್ಲೂದ್ಯಾಕ ಅಂತ ನಮ್ಮತ್ತಿಗೆ ಕೊಟ್ಟೆ. ಆಕಿಗೆ ಖರೆ ಬಿಪಿ ಐತಿ.”

ಒಳಗಿನಿಂದ ಅತ್ತಿಯ ಅತ್ತೆಯ ದನಿ ಬಂತು. “ಅದನ್ನ ನುಂಗಿದಾಗಿಂದ ಹೊಟ್ಟಿ ತೊಳಸತೈತಿ ನೋಡವಾ. ಗೋಕಾವಿ ಗುಳಿಗಿ ಬಾಳ ಪವರ್ ಐತಿ!”

ಬೇರೆ ದಿನ ಆಗಿದ್ದರೆ ನಗುತ್ತಿದ್ದೆ. ಇನ್ನು ಒಂದೂ ತೆಗೆದುಕೊಳ್ಳಬೇಡಿರಿ, ನಾಳೆಯೇ ಡಾಕ್ಟರಿಗೆ ತೋರಿಸಿರಿ ಎಂದು ಅವರಿಗೆ ಹೇಳಿ, ಡಬ್ಬಿ ಕಸಿದುಕೊಂಡು ಹಿಂದಿನ ಕೋಣೆಗೆ ಹೋದೆ.

ಆಯಿ ಗೋಡೆಗೆ ಮುಖ ಮಾಡಿದ್ದಳು. ಸೀರೆ ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗಿತ್ತು. ತುಟಿಯ ಮೇಲೆ ಒಣಗಿದ ಬಿಳಿ ಹಕ್ಕಳೆ, ಅದರ ಮೇಲೆ ನೊಣ. ನೀರು ಕುಡಿಯುವುದನ್ನೂ ಬಿಟ್ಟಿದ್ದಳಂತೆ. “ತಲ್ಯಾಗ ಕರೆಂಟ್ ಹೊಡದಂಗ ಆಗತೈತಿ,” ಅನ್ನುತ್ತಿದ್ದಳಂತೆ; ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಹಾಗಾಗುತ್ತದೆ. ಕ್ಯಾಂಪಿನಲ್ಲಿ ಬಿಪಿ ಇಲ್ಲ ಅಂದ ಮೇಲೆ ಅದೆಲ್ಲ ನಾಟಕ ಎಂದು ಮನೆಯವರು ಅಂದುಕೊಂಡರಂತೆ. ನಾನು ಆಕೆಯನ್ನು ತೊಳೆದೆ. ಈ ಸಲ ವಾಂತಿ ಬರಲಿಲ್ಲ. ಮೂಗಿಗೆ ಬಡಿದ ವಾಸನೆ ಆಕೆಯದಾಗಿರಲಿಲ್ಲ. ನಮ್ಮೆಲ್ಲರದಾಗಿತ್ತು.

ಅತ್ತಿಗೆ ಅಲ್ಲೇ ಹೇಳಿದೆ, ಸೀರೆ ಹಿಂಡುತ್ತಲೇ. ಅದು ಬಿಪಿ ಗುಳಿಗೆಯಲ್ಲ, ಇಂಥ ಗುಳಿಗೆ, ಇಂಥ ಕಾಯಿಲೆಗೆ ಎಂದು. ಅತ್ತಿ ನೆಲಕ್ಕೆ ಕೂತಳು. “ನನ್ನ ತಾಯಿ ಬ್ಯಾನಿ ನನಗ ಮುಚ್ಚಿಟ್ರೆಲ್ಲ,” ಅಂದಳು. ಆಮೇಲೆ ಕಾರಿಗೆ ಫೋನ್ ಮಾಡಿದ್ದು ಆಕೆಯೇ.

ಗೋಕಾಕಿನಲ್ಲಿ ಅಡ್ಮಿಟ್ ಮಾಡಿದೆವು. ಸಲಾಯಿನ್, ರಕ್ತ ಪರೀಕ್ಷೆ. ದೇಹದಲ್ಲಿ ನೀರೇ ಇರಲಿಲ್ಲ, ಕಿಡ್ನಿಗೆ ಪೆಟ್ಟು ಬೀಳುವುದರಲ್ಲಿತ್ತು ಅಂದರು. ಕೆಲವು ದಿನ ಆಕೆ ಉಳಿಯುತ್ತಾಳೋ ಇಲ್ಲವೋ ಎಂಬ ಪ್ರಶ್ನೆ ನಮ್ಮೊಳಗೆ ಓಡಾಡಿತು, ಯಾರೂ ಬಾಯಿಗೆ ತರಲಿಲ್ಲ. ಊಟದ ಡಬ್ಬಿ ತಂದ ಅಪ್ಪ ವಾರ್ಡಿನ ಬಾಗಿಲಲ್ಲೇ ನಿಂತು, ಪಕ್ಕದ ಹಾಸಿಗೆಯವರು ಕೇಳಿದ್ದಕ್ಕೆ, “ಬಿಪಿ ಲೋ ಆಗೇತ್ರಿ,” ಅಂದರು. ಆಗಲೂ. ನಾನು ಮುಖ ತಿರುಗಿಸಿದೆ.

ಸಲಾಯಿನ್ ತೆಗೆದ ಮೇಲೆ ಮನೋವೈದ್ಯೆ ಬಂದರು.

“ಅಜ್ಜಿ, ಯಾವುದಕ್ಕ ಗುಳಿಗಿ ತಗೋತಿದ್ರಿ ನೀವು?”

“ಬಿಪಿಗ್ರಿ. ಈಗ ಬಿಪಿ ಇಲ್ಲ.”

ಡಾಕ್ಟರ್ ನನ್ನನ್ನು ನೋಡಿದರು. ಆ ನೋಟಕ್ಕೆ ನಾನು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡೆ. ಅಪ್ಪ ಅಲ್ಲೇ ಇದ್ದರು. ಇರಲಿ ಅಂದುಕೊಂಡೆ.

“ಆಯಿ, ನಿನಗ ಬಿಪಿ ಯಾವಾಗೂ ಇರಲಿಲ್ಲ. ಅದು ಮನಸ್ಸಿನ ಬ್ಯಾನಿ. ಗುಳಿಗಿ ಅದಕ್ಕ. ಮದಲ ಹೇಳಬೇಕಾಗಿತ್ತು, ಹೇಳಲಿಲ್ಲ.”

ಆಕೆ ಡಾಕ್ಟರ ಕಡೆ ಮುಖ ತಿರುಗಿಸಿದಳು.

“ಮನಸ್ಸಿಗೂ ಬ್ಯಾನಿ ಬರತೈತೇನು?”

“ಬರತೈತ್ರಿ,” ಅಂದರು ಡಾಕ್ಟರ್. “ಗುಣಾನೂ ಆಗತೈತಿ.”

“ಹಂಗಾರ ನಾ ಮೈಗಳ್ಳಿ ಅಲ್ಲ?”

ಆಕೆ ಏನು ಕೇಳುತ್ತಿದ್ದಾಳೆಂದು ನಮಗೆ ಅರ್ಥವಾಗಿರಲಿಲ್ಲ.

“ಗುಳಿಗಿ ತಗೊಂಡು ಬಿಪಿ ಹೋತು ಅಂದ್ರು. ಬ್ಯಾನಿ ಹೋದ ಮ್ಯಾಲೂ ನನಗ ಏಳಾಕ ಆಗವಲ್ದು. ಅಂದ ಮ್ಯಾಲ ಇದು ನನ್ನ ಮೈಗಳ್ಳತನ, ಅಂತ ತಿಳಕೊಂಡಿದ್ದೆ. ಕುಂತು ತಿನ್ನಾಕಿಗೆ ನೀರರೆ ಯಾಕ ಬೇಕು ಅಂತ ಬಿಟ್ಟೆ.”

ಜೀವನವಿಡೀ ನಸುಕಿಗೆ ಎದ್ದು ದನದ ಕೆಲಸ ಮಾಡಿದವಳು. ಮಂಚದ ಮೇಲೆ ಕೂತು ಚಹಾ ಹೀರಿದವರ ನಗೆಯನ್ನೆಲ್ಲ ಆಕೆ ಕೇಳಿಸಿಕೊಂಡಿದ್ದಳು. ಅದಕ್ಕೆ ನಮ್ಮ ಸುಳ್ಳು ಸೇರಿ ಸಾಕ್ಷಿಯಾಯಿತು. ಹೇಸಿಗೆ ನನಗೆ ಮಾತ್ರ ಬಂದದ್ದೆಂದು ತಿಳಿದಿದ್ದೆ. ಆಕೆ ಅಷ್ಟು ದಿನ ತನ್ನ ಮೇಲೆಯೇ ಹೇಸಿಕೊಂಡು ಗೋಡೆ ನೋಡುತ್ತ ಮಲಗಿದ್ದಳು.

ಆಯಿ ಅಪ್ಪನ ಕಡೆ ತಿರುಗಿದಳು. “ಎಮ್ಮಿ ಮಾರುವಾಗೂ ನನ್ನ ಕೇಳಲಿಲ್ಲ ನೀ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಖಾಲಿಯಿರದ ನೀರಿನ ಬಾಟಲಿಯನ್ನು ಎತ್ತಿಕೊಂಡು ತುಂಬಿಸಲು ಹೊರಗೆ ಹೋದರು.

ಗುಳಿಗೆ ಮತ್ತೆ ಶುರುವಾಯಿತು, ಮತ್ತೆ ಸಣ್ಣ ಡೋಸಿನಿಂದ. ಮನೆಗೆ ಬಂದ ಕೆಲವು ವಾರಗಳ ಮೇಲೆ ಹತ್ತರಗಿಯವರು ಆಯಿಯನ್ನು ಮಾತಾಡಿಸುವ ನೆಪದಲ್ಲಿ ಬಂದರು, ಹುಡುಗನ ತಾಯಿ ಮತ್ತು ಅವರ ನಾದಿನಿ. ಆಯಿಯನ್ನು ಎರಡು ಮಾತು ಕೇಳಿದರು, ಉಳಿದ ಹೊತ್ತು ನನ್ನ ಬಣ್ಣ, ನಡಿಗೆ, ಕೈಬೆರಳು ನೋಡಿದರು. ಚಹಾ ಬಂದ ಮೇಲೆ ಹುಡುಗನ ತಾಯಿ ಅಪ್ಪನನ್ನು ಕೇಳಿದರು.

“ನಿಮ್ಮ ತಾಯಿಯವರಿಗೆ ಏನ್ ಆಗಿತ್ರಿ ಖರೇ?”

ಅಪ್ಪ ಬಾಯಿ ತೆರೆದರು. ಅವರ ತುಟಿ ‘ಬಿ’ ಎನ್ನಲು ಸೇರಿದ್ದನ್ನು ನಾನು ನೋಡಿದೆ.

“ಬಿಪಿ ಕ್ಯಾಂಪಿನ್ಯಾಗ ಹೋತ್ರಿ,” ಅಂದಳು ಆಯಿ ಮಂಚದಿಂದ. “ಇದು ಮನಸ್ಸಿನ ಬ್ಯಾನಿ. ಗುಳಿಗಿ ಬಿಡಾಕ ಬರೂದಿಲ್ಲ ಅಂದಾರ.”

ಹುಡುಗನ ತಾಯಿ ಮಂಚದ ಕಟ್ಟಿಗೆಯ ಮೇಲಿಟ್ಟ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಅಂಟುತ್ತದೆಯೇನೋ ಎಂಬ ಹಾಗೆ. ಅವರಿಗೆ ತಾವು ಒರೆಸಿಕೊಂಡದ್ದು ಗೊತ್ತೂ ಆಗಿರಲಿಕ್ಕಿಲ್ಲ. ವಾರದೊಳಗೆ ಜಾತಕ ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ಅವರು ಜಾತಕ ಕೇಳಿಯೇ ಇರಲಿಲ್ಲ.

ಅಪ್ಪ ನನ್ನೊಡನೆ ಕೆಲವು ದಿನ ಮಾತು ಬಿಟ್ಟರು. ಆಯಿಯೊಡನೆ ಬಿಡಲಿಲ್ಲ. ಮುಂಜಾನೆ ಗುಳಿಗೆ ಕೊಡುವ ಕೆಲಸವನ್ನು ತಾವೇ ವಹಿಸಿಕೊಂಡರು, ಪಟ್ಟಿಯಿಂದ ಬಿಡಿಸಿ, ಹೆಸರು ಓದಿ. ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಇದನ್ನು ಅದರ ಜಾಗದಲ್ಲಿ ಇಟ್ಟುಕೊಂಡಿದ್ದೇನೆ.

ಆಯಿ ಪೂರ್ತಿ ಗುಣವಾಗಿದ್ದಾಳೆ ಎಂದು ಬರೆಯಲಾರೆ. ನಡುವೆ ಒಮ್ಮೆ ಸೋಡಿಯಂ ಇಳಿದು ಗುಳಿಗೆ ಬದಲಿಸಿದರು. ಕೆಲವು ಮುಂಜಾನೆ ಏಳುವುದಿಲ್ಲ. “ಇವತ್ತ ಬ್ಯಾನಿ ಜಾಸ್ತಿ ಐತಿ,” ಅನ್ನುತ್ತಾಳೆ, ಮಂಡಿನೋವಿನ ಬಗ್ಗೆ ಹೇಳುವಷ್ಟೇ ಸಲೀಸಾಗಿ. ನಾವು ಬಾಗಿಲು ಮೆಲ್ಲಗೆ ಎಳೆದುಕೊಂಡು ಬರುತ್ತೇವೆ. ಮಾತಾಡಿಸುವವರು ಬಂದರೆ ಹೊರಗಿನ ಕೋಣೆಯಲ್ಲೇ ಕೂರಿಸಿ ಕಳಿಸುತ್ತೇನೆ. ಅವರ ಮೇಲಿನ ಹೇಸಿಗೆ ನನಗಿನ್ನೂ ಹೋಗಿಲ್ಲ. ಹೋಗಬೇಕೆಂದು ನನಗೂ ಆತುರವಿಲ್ಲ.

ಹೋದ ಸಲ ಕ್ಲಿನಿಕ್ಕಿನ ಬೆಂಚಿನಲ್ಲಿ ಸರದಿಗೆ ಕೂತಿದ್ದೆವು. ಕೊಣ್ಣೂರಿನ ನೀಲವ್ವ ಒಳಗೆ ಬಂದವಳು ಆಯಿಯನ್ನು ನೋಡಿ ಸೆರಗನ್ನು ಮುಖದ ಮೇಲೆಳೆದುಕೊಂಡು ಹಿಂದಕ್ಕೆ ತಿರುಗಿದಳು.

“ಏ ನೀಲವ್ವಾ, ಇಲ್ಲಿ ಬಾ, ಕುಂಡ್ರು,” ಆಯಿ ಕರೆದಳು, ಇಡೀ ಕೋಣೆಗೆ ಕೇಳುವ ಹಾಗೆ.

ನೀಲವ್ವ ಬೆಂಚಿನ ತುದಿಯಲ್ಲಿ ಕೂತಳು.

“ಯಾರಿಗೆ ತೋರಸಾಕ ಬಂದಿ?”

“ನನಗ ಯಕ್ಕಾ,” ಅಂದಳು ನೀಲವ್ವ ಪಿಸುದನಿಯಲ್ಲಿ. “ಮನ್ಯಾಗ ಥೈರಾಯ್ಡ್ ಅಂತ ಹೇಳಿ ಬಂದೇನಿ.”

ಆಯಿ ಬೆಂಚಿನ ಮೇಲೆ ಆಕೆಯ ಹತ್ತಿರ ಸರಿದಳು.

“ಏನರೆ ಅನ್ನು,” ಅಂದಳು. “ಗುಳಿಗಿ ಮಾತ್ರ ಯಾರ ಕೈಯಾಗೂ ಕೊಡಬ್ಯಾಡ.”